ವೈಫೈ ಕಡಿಯುವುದು ಯಾರಿಂದ?

ಸೀತಾಬರ್ಡಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಮಧ್ಯಾಹ್ನದ ಗಿರಾಕಿಗಳ ಗದ್ದಲವಡಗಿ, ಹುಡುಗರು ಹಿಂದಿನ ಕೋಣೆಯಲ್ಲಿ ಕುಳಿತು ಊರಿನ ತಾಯಿತಂದೆಗಳೊಡನೆ ಮುಖ ನೋಡಿ ಮಾತಾಡುವ ಹೊತ್ತಿಗೇ ವೈಫೈ ಕಡಿದುಹೋಗುತ್ತಿತ್ತು. ಸಿನಿಮಾ ನೋಡಿ ನೋಡಿ ಅವರೇ ಕೆಡಿಸಿದರೆಂದು ಗದರಿಸಿ, ಪಾಸ್‌ವರ್ಡನ್ನು ಬದಲಿಸಿಬಿಟ್ಟೆ. ತಮ್ಮನ ಪರೀಕ್ಷೆಯ ಫಲಿತಾಂಶಕ್ಕೆ ಕಾದಿದ್ದ ಹುಡುಗನೊಬ್ಬ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಹುಡುಗರನ್ನು ದೂರವಿಟ್ಟ ಮೇಲೂ ಗಲ್ಲೆಯಲ್ಲಿದ್ದ ನನ್ನ ಫೋನೇ ತಡವರಿಸತೊಡಗಿದಾಗ ಕಣ್ಣು ತೆರೆಯಿತು. ರೂಟರನ್ನು ನಾನೇ ಮೈಕ್ರೋವೇವ್ ಒಲೆಯ ಪಕ್ಕದಲ್ಲಿಟ್ಟಿದ್ದೆ. ಹುಡುಗರ ಊಟ ಬಿಸಿಯಾಗುತ್ತಿದ್ದುದೂ ಅದೇ ಹೊತ್ತಿಗೆ. ಆ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ತರಂಗದಿಂದ; ಹೆಚ್ಚಿನ ವೈಫೈ ಮಾತಾಡುವುದು 2.4ರ ಪಟ್ಟಿಯಲ್ಲಿ. ಒಲೆಯ ಬಲ ಏಳೆಂಟು ನೂರು ವ್ಯಾಟು, ರೂಟರಿನದು ಒಂದು ವ್ಯಾಟಿನ ಹತ್ತನೆಯ ಒಂದು ಪಾಲಿನಷ್ಟು. ಬಾಗಿಲ ಸಂದಿಯಿಂದ ನುಸುಳುವ ಅಲ್ಪಾಂಶ ಮನುಷ್ಯನಿಗೆ ಬಾಧಕವಲ್ಲವಾದರೂ ರೂಟರಿನ ಪಿಸುಮಾತನ್ನು ಮುಚ್ಚಿಹಾಕಲು ಸಾಕು. ಈ ಪಟ್ಟಿಯನ್ನು ನಮ್ಮ ಸರ್ಕಾರವು 2005ರಲ್ಲಿ ಲೈಸೆನ್ಸಿನ ಹಂಗಿಲ್ಲದೆ ಬಿಟ್ಟುಕೊಟ್ಟಿತು. ಆದ್ದರಿಂದ ಬ್ಲೂಟೂತೂ ನೆರೆಮನೆಗಳ ರೂಟರುಗಳೂ ಬರ್ಡಿಯ ಮುಖ್ಯರಸ್ತೆಯ ಸಂಜೆಯ ಜನಜಂಗುಳಿಯಂತೆ ಅಲ್ಲಿಯೇ ನೆರೆದಿವೆ.

ರೂಟರನ್ನು ಒಲೆಯಿಂದ ದೂರ ಸರಿಸಿದ ಮೇಲೆ ಗಲ್ಲೆಯ ತೊಂದರೆ ತೀರಿತು. ಹಿಂದಿನ ಕೋಣೆಯದು ತೀರಲಿಲ್ಲ. ಅಲ್ಲಿಯ ಅಪರಾಧಿ ನಾಗಪುರದ್ದೇ ಸ್ವಂತ. ಬೇಸಗೆಯಲ್ಲಿ ಉಷ್ಣಮಾನ 45 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಕಿಟಕಿ ಕಿಟಕಿಗೂ ತಗಡಿನ ಕೂಲರು. ತಗಡು ತರಂಗವನ್ನು ತಡೆದು ಹಿಂದಿರುಗಿಸುತ್ತದೆ, ತೊಟ್ಟಿಯ ನೀರು ಹೀರುತ್ತದೆ. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ಫ್ರಿಜ್ಜುಗಳೂ ಇದೇ ಕುಲದವು.

ತಮ್ಮ ಮನೆಯಲ್ಲಿಯೂ ಹೀಗಾದರೆ ಮೊದಲು ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ ನೋಡಬೇಕು. ಆಗಲೂ ನಿಧಾನವಾದರೆ ದೋಷ ಹೊರಗಿನ ಲೈನಿನದಿರಬಹುದು. ಬಳಿಕ ಒಲೆಯಲ್ಲಿ ಒಂದು ಲೋಟ ನೀರಿಟ್ಟು (ಬರಿದಾಗಿ ಹಚ್ಚಲೇಬಾರದು) ಒಂದು ನಿಮಿಷ ನಡೆಸಿ ಪರೀಕ್ಷಿಸಬಹುದು. ರೂಟರು ಎತ್ತರದಲ್ಲಿ, ಬಯಲಾಗಿರಲಿ. 5 ಗಿಗಾಹರ್ಟ್ಸ್ ಸೌಕರ್ಯವಿದ್ದರೆ ಒಲೆಯ ಕಾಟ ತಪ್ಪುತ್ತದೆ, ಆದರೆ ಅದು ಗೋಡೆಗಳನ್ನು ದಾಟುವುದರಲ್ಲಿ ದುರ್ಬಲ. ಒತ್ತೊತ್ತಾದ ವಠಾರಗಳಲ್ಲಿ 2.4ರಲ್ಲಿಯೇ 1, 6, 11 ಎಂಬ ಚಾನೆಲುಗಳ ಪೈಕಿ ನೆರೆಯವರು ಕಡಮೆ ಹಿಡಿದಿರುವುದನ್ನು ಆರಿಸಿಕೊಳ್ಳಬೇಕು.

ನಾನು ರೂಟರನ್ನು ಒಳಬಾಗಿಲ ಮೇಲಣ ಗೋಡೆಗೆ ಏರಿಸಿ, ಹಳೆಯ ಪಾಸ್‌ವರ್ಡನ್ನೇ ಮತ್ತೆ ಇಟ್ಟು, ಅದನ್ನು ಮೊದಲು ಆ ಹುಡುಗನಿಗೇ ಹೇಳಿದೆ. ತಮ್ಮ ತೇರ್ಗಡೆಯಾಗಿದ್ದ, ಅದು ಅವನಿಗೆ ಎದುರು ಹೋಟೆಲಿನವರ ಫೋನಿನಿಂದ ಆಗಲೇ ತಿಳಿದಿತ್ತು.