ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇಲೇರಿದ ಏರ್ ಇಂಡಿಯಾ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಎರಡು ಊರುಗಳ ನಡುವೆ ಅದು ಮೊದಲ ನೇರ ವಿಮಾನ. ಕ್ಯಾಲೆಂಡರಿನಲ್ಲಿ ಎರಡು ದಿನ ಸರಿದರೂ ಪ್ರಯಾಣ ಹಿಡಿದದ್ದು ಸುಮಾರು 17 ಗಂಟೆ. ಉಳಿದದ್ದು ಎರಡೂ ಕಡೆಯ ಗಡಿಯಾರಗಳ ನಡುವಿನ ಹದಿಮೂರೂವರೆ ಗಂಟೆಯ ಅಂತರ.

ಮೊಮ್ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಅಜ್ಜ ಅಜ್ಜಿಯರಿಗೆ ನೇರ ವಿಮಾನವೆಂದರೆ ಸಣ್ಣ ಸಂಗತಿಯಲ್ಲ. ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿದು, ಗೇಟ್ ಹುಡುಕುತ್ತ ನಡೆದು, ಇನ್ನೊಂದು ವಿಮಾನಕ್ಕೆ ಕಾಯುವ ಗಂಟೆಗಳು ಯಾವ ಕಿಲೋಮೀಟರ್ ಲೆಕ್ಕದಲ್ಲೂ ಕಾಣುವುದಿಲ್ಲ.

ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ಭೂಪಟ ನೋಡಿದವರಿಗೆ ದಾರಿ ಪೆಸಿಫಿಕ್ ಸಾಗರದ ಮೇಲೆಯೇ ಇರಬೇಕು ಎನಿಸುತ್ತದೆ. ಆದರೆ ಭೂಗೋಳದ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ನೋಡಿದರೆ ಅದು ಉತ್ತರ ಧ್ರುವದ ಕಡೆಗೆ ಸರಿಯುತ್ತದೆ. ಬೆಂಗಳೂರಿರುವುದು ಪೂರ್ವ ರೇಖಾಂಶ 77 ಡಿಗ್ರಿಯ ಆಚೀಚೆ, ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮದ 122ರ ಹತ್ತಿರ. ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು. 2021ರ ಆ ವಿಮಾನ ಹಿಡಿದದ್ದೂ ಧ್ರುವದ ದಾರಿಯನ್ನೇ.

ಆ ದಾರಿಯಲ್ಲಿ ಚಳಿಯದೇ ದೊಡ್ಡ ಚಿಂತೆ. ಅಮೆರಿಕದಲ್ಲಿ ವಿಮಾನಗಳಿಗೆ ತುಂಬಿಸುವ ‘ಜೆಟ್ ಎ’ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಮೇಲಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಇಂಧನವಿರುವುದು ರೆಕ್ಕೆಗಳಲ್ಲಿ. ಗಂಟೆಗಟ್ಟಲೆ ಹಾರಿದಷ್ಟೂ ಅದು ತಣ್ಣಗಾಗುತ್ತ ಹೋಗುತ್ತದೆ. ಹಾಗಾಗಿ ಪೈಲಟ್‌ಗಳು ಇಂಧನದ ಉಷ್ಣಾಂಶದ ಮೇಲೆ ಕಣ್ಣಿಟ್ಟಿರುತ್ತಾರೆ. ಮಿತಿ ಹತ್ತಿರವಾದರೆ ಚಳಿ ಕಡಿಮೆಯಿರುವ ಎತ್ತರಕ್ಕೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ವೇಗ ಏರಿದಷ್ಟೂ ರೆಕ್ಕೆಯ ಮೈ ಒಂದಿಷ್ಟು ಬಿಸಿಯಾಗುತ್ತದೆ. ಆ ನೆತ್ತಿಯಲ್ಲಿ ಕಾಂತೀಯ ದಿಕ್ಸೂಚಿಯನ್ನೂ ನೆಚ್ಚಿಕೊಳ್ಳುವಂತಿಲ್ಲ.

ಬೆಂಗಳೂರಿನಿಂದ ಹೋಗುವಾಗ ಮಾತ್ರ ಲೆಕ್ಕ ಬೇರೆ. ಆಗ ಪೆಸಿಫಿಕ್ ದಾರಿ ಉದ್ದವಾದರೂ ಲಾಭದ್ದಾಗಬಹುದು. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 150ರ ಗಾಳಿ ಜೊತೆಯಾದರೆ ನೆಲದ ಲೆಕ್ಕದಲ್ಲಿ ಅದರ ವೇಗ 1,050. ಎದುರಾದರೆ 750. ಗಾಳಿಯ ಈ ಬಲಕ್ಕೆ ಬೆರಗುಗೊಳಿಸುವ ಸಾಕ್ಷಿ ಸಿಕ್ಕಿದ್ದು 2020ರ ಫೆಬ್ರವರಿಯಲ್ಲಿ: ಚಂಡಮಾರುತದ ದಿನಗಳಲ್ಲಿ ನ್ಯೂಯಾರ್ಕ್ ಬಿಟ್ಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಐದು ಗಂಟೆಯೂ ತುಂಬುವ ಮೊದಲೇ ಲಂಡನ್ ತಲುಪಿತ್ತು. ಸಾಮಾನ್ಯವಾಗಿ ಅದಕ್ಕೆ ಆರು ಗಂಟೆಗೂ ಹೆಚ್ಚು ಬೇಕು.

ಟಿಕೆಟ್ಟಿನಲ್ಲಿ ನಮೂದಾಗುವ ಸಮಯವೂ ಬರೀ ಹಾರಾಟದ್ದಲ್ಲ. ವಿಮಾನ ನಿಂತ ಜಾಗ ಬಿಟ್ಟು ಹೊರಟಲ್ಲಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನ ಲೆಕ್ಕ ಅದು. ಬೆಂಗಳೂರು–ಮಂಗಳೂರಿನಂಥ ಪುಟ್ಟ ಪ್ರಯಾಣದಲ್ಲಿ ರನ್‌ವೇಗೆ ಸಾಗುವ, ಸರದಿಗೆ ಕಾಯುವ ನಿಮಿಷಗಳೇ ದೊಡ್ಡ ಪಾಲು ಕೇಳುತ್ತವೆ.

ಇವೆಲ್ಲಕ್ಕೂ ಮೇಲೆ ದೇಶಗಳ ನಡುವಿನ ಸಂಬಂಧ. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿದಾಗ ಪಶ್ಚಿಮಕ್ಕೆ ಹೊರಟ ಭಾರತದ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಇಂಡಿಗೋದ ದೆಹಲಿ–ಇಸ್ತಾಂಬುಲ್ ವಿಮಾನ ಇಂಧನ ತುಂಬಿಸಿಕೊಳ್ಳಲು ದೋಹಾದಲ್ಲಿ ಇಳಿಯುತ್ತಿತ್ತು. ಜುಲೈನಲ್ಲಿ ಪಾಕಿಸ್ತಾನ ಮತ್ತೆ ದಾರಿ ಬಿಟ್ಟುಕೊಟ್ಟ ಮೇಲಷ್ಟೇ ವಿಮಾನಗಳು ಹಳೆಯ ಮಾರ್ಗಕ್ಕೆ ಮರಳಿದವು.