ಮನೆಯಲ್ಲೇ ಆರ್‌ಸಿ ಕಾರ್ ಬಾಡಿ: ಮಾರುತಿ 800 ಅನ್ನು ಚಿಕ್ಕದು ಮಾಡೋದು ಹೇಗೆ?

ಆರ್‌ಸಿ ಕಾರ್, ಅಂದ್ರೆ ರಿಮೋಟ್‌ನಲ್ಲಿ ಓಡೋ ಹವ್ಯಾಸಿ ಕಾರ್ ಬಗ್ಗೆ ಮಾತು ಬಂದ್ರೆ ಎಲ್ಲರೂ ಮೋಟಾರು, ಬ್ಯಾಟರಿ, ಸ್ಪೀಡು ಅಂತಾರೆ. ಆದ್ರೆ ಕಣ್ಣಿಗೆ ಮೊದಲು ಬೀಳೋದು ಮೇಲಿನ ಬಾಡಿ. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಜಪಾನ್, ಯುರೋಪ್, ಅಮೆರಿಕದ ಕಾರುಗಳ ಬಾಡಿ. ನಮ್ಮ ಬೀದಿಯಲ್ಲಿ ಓಡಾಡಿದ ಕಾರು ಬೇಕು ಅಂದ್ರೆ ಕೈಯಲ್ಲೇ ಮಾಡ್ಕೊಳ್ಳೋದು ವಾಸಿ. ಹೇಗೆ ಅನ್ನೋದೇ ಇವತ್ತಿನ ಎಪಿಸೋಡ್.

ನಾನು ಆರಿಸಿಕೊಂಡಿದ್ದು ಮಾರುತಿ 800. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 1986ರಲ್ಲಿ ಬಂದ, ನಮಗೆಲ್ಲ ಪರಿಚಯ ಇರೋ ರೂಪದ ಉದ್ದ 3335 ಮಿ.ಮೀ., ಅಗಲ 1440. ವೀಲ್‌ಬೇಸ್, ಅಂದ್ರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2175.

ಇದನ್ನ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ರೆ ವೀಲ್‌ಬೇಸ್ 217.5 ಆಗುತ್ತೆ. ಆದ್ರೆ ತಮಿಯಾ ಕಂಪನಿಯ ಚಿಕ್ಕ ‘ಎಂ’ ಚಾಸಿಗಳು ಬರೋದು 210, 225, 239ರಲ್ಲಿ. 225 ಹಿಡಿದು ಲೆಕ್ಕ ಹಾಕಿದ್ರೆ 2175 ಭಾಗಿಸು 225, ಅಂದ್ರೆ 9.67. ಎಲ್ಲ ಅಳತೆಯನ್ನೂ ಇದರಿಂದ ಭಾಗಿಸಿ: ಉದ್ದ 345, ಅಗಲ 149. ಸರಿ, ಆದ್ರೆ ಚಾಸಿಯ ಎರಡು ಚಕ್ರಗಳ ಹೊರ ಅಂಚಿನ ಅಳತೆಯೇ 160ರ ಆಸುಪಾಸು. ಚಕ್ರಗಳು ಎರಡೂ ಕಡೆ 5-6 ಮಿ.ಮೀ. ಆಚೆ ಇಣುಕುತ್ವೆ.

ಅಂದ್ರೆ ಎಲ್ಲೋ ಒಂದು ಕಡೆ ಸುಳ್ಳು ಹೇಳಲೇಬೇಕು. ಎಲ್ಲಿ ಅನ್ನೋದೇ ಈ ಕೆಲಸದ ಗುಟ್ಟು. ಇಡೀ ಬಾಡಿಯನ್ನ ಅಗಲ ಮಾಡಿದ್ರೆ ಅದು ಮಾರುತಿ ಆಗಿರಲ್ಲ, ಯಾವುದೋ ಕಪ್ಪೆ ಥರ ಕಾಣುತ್ತೆ. ನಾವು ಕಾರನ್ನ ಗುರುತು ಹಿಡಿಯೋದು ಛಾವಣಿ, ಗಾಜಿನ ಆಕಾರ, ಚೌಕ ಹೆಡ್‌ಲೈಟಿನಿಂದ. ಅವು ಮೂರನ್ನೂ ಅಳತೆಗೆ ಸರಿಯಾಗಿ ಬಿಡಿ. ಕಿಟಕಿಯ ಕೆಳಗಿನಿಂದ ಮಾತ್ರ ನಿಧಾನವಾಗಿ ಹೊರಗೆ ತಂದು, ಚಕ್ರದ ಕಮಾನಿನ ಹತ್ತಿರ ಸ್ವಲ್ಪ ಉಬ್ಬಿಸಿ. ಕಣ್ಣು ಅದನ್ನ ಕ್ಷಮಿಸಿಬಿಡುತ್ತೆ. ಮೊದಲು ರಟ್ಟಿನಲ್ಲಿ ಮಾಡಿ, ಚಾಸಿ ಮೇಲಿಟ್ಟು ನೋಡಿ. ರಟ್ಟು ತಪ್ಪಾದ್ರೆ ಕತ್ತರಿ ಸಾಕು.

ಮುಂದಿನದು ಅಚ್ಚು. ಎಂಡಿಎಫ್ ತುಂಡುಗಳನ್ನ ಅಂಟಿಸಿ ಕೆತ್ತಬಹುದು, ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಬಹುದು. ಥರ್ಮೋಕೋಲ್ ಬೇಡ, ಬಿಸಿಗೆ ಕುಗ್ಗುತ್ತೆ. ನೆನಪಿಡಬೇಕಾದ ನಿಯಮ ಒಂದೇ: ಇಡ್ಲಿ ತಟ್ಟೆಯ ಗುಳಿ ನೋಡಿ, ಬಾಯಿ ಅಗಲ, ತಳ ಕಿರಿದು, ಅದಕ್ಕೇ ಇಡ್ಲಿ ಸಲೀಸಾಗಿ ಏಳುತ್ತೆ. ನಮ್ಮ ಅಚ್ಚು ಅದನ್ನೇ ಬೋರಲು ಹಾಕಿದ ಹಾಗೆ. ಪಕ್ಕಗಳು ಕೆಳಗೆ ಹೋಗ್ತಾ ಎರಡು ಮೂರು ಡಿಗ್ರಿ ಹೊರಗೆ ವಾಲಿರಬೇಕು. ಬಾಗಿಲ ಕೆಳಗೆ ಬಾಡಿ ಒಳಗೆ ಮಡಚಿಕೊಂಡ್ರೆ ಪ್ಲಾಸ್ಟಿಕ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಬಂಪರ್, ಕನ್ನಡಿಗಳನ್ನ ಬೇರೆಯಾಗೇ ಮಾಡಿ. ಬಾಗಿಲ ಗೆರೆಗಳನ್ನ ನಿಜಕ್ಕಿಂತ ಆಳವಾಗಿ ಕೆತ್ತಿ, ಯಾಕಂದ್ರೆ ಹಾಳೆಯ ದಪ್ಪ ಅವನ್ನ ಮಸುಕು ಮಾಡುತ್ತೆ. ತಗ್ಗು ಇರೋ ಕಡೆ ಗಾಳಿ ಹೋಗೋಕೆ 1 ಮಿ.ಮೀ. ತೂತು ಕೊರೀರಿ.

ಇನ್ನು ಎಳೆಯೋದು. ತೂತು ತೂತಿನ ಹಲಗೆ, ಅದರ ಕೆಳಗೆ ಗಾಳಿಯಾಡದ ಪೆಟ್ಟಿಗೆ, ಅದಕ್ಕೆ ವ್ಯಾಕ್ಯೂಮ್ ಕ್ಲೀನರ್ ಪೈಪು. ಚೌಕಟ್ಟಿಗೆ ಬಿಗಿದ ಹಾಳೆ ಬಿಸಿಗೆ ಜೋತುಬಿದ್ದ ಕೂಡಲೇ ಅಚ್ಚಿನ ಮೇಲೆ ಇಳಿಸಿ, ಕ್ಲೀನರ್ ಆನ್ ಮಾಡಿ. ಕೆಲವೇ ಸೆಕೆಂಡು, ಅಷ್ಟೇ.

ಅಂಗಡಿಯ ಬಾಡಿಗಳು ಪಾಲಿಕಾರ್ಬೊನೇಟ್. ಗುದ್ದಿದ್ರೆ ಬಾಗುತ್ತೆ, ಸುಲಭಕ್ಕೆ ಒಡೆಯಲ್ಲ. ಆದ್ರೆ ಅದು ಗಾಳಿಯ ತೇವ ಹೀರಿಕೊಂಡಿರುತ್ತೆ. ಮೊದಲು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸದೇ ಕಾಯಿಸಿದ್ರೆ ಹಾಳೆ ತುಂಬ ಗುಳ್ಳೆ. ಮೊದಲ ಸಲ ಮಾಡೋರಿಗೆ 1 ಮಿ.ಮೀ. ಪಿಇಟಿಜಿ ಹಾಳೆ ಸುಲಭ, ಕಡಿಮೆ ಬಿಸಿಗೇ ಮೆತ್ತಗಾಗುತ್ತೆ. ಪಿವಿಸಿ ಮಾತ್ರ ಕಾಯಿಸಬೇಡಿ, ಹೆಚ್ಚು ಬಿಸಿಯಾದ್ರೆ ವಿಷದ ಹೊಗೆ. ಅಡುಗೆಯ ಓವನ್ ಬೇಡ. ಕೈಗೆ ದಪ್ಪ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಎಂಡಿಎಫ್ ಉಜ್ಜುವಾಗ ಮಾಸ್ಕ್ ಹಾಕಿ.

ಬಣ್ಣ ಹಚ್ಚೋದು ಒಳಗಿನಿಂದ. ಹಾಗಾಗಿ ಕ್ರಮ ಉಲ್ಟಾ: ಕಿಟಕಿಗೆ ಟೇಪ್ ಹಾಕಿ, ಮೊದಲು ಕಪ್ಪು ಗೆರೆ, ಆಮೇಲೆ ಕಾರಿನ ಬಣ್ಣ. ಪಾಲಿಕಾರ್ಬೊನೇಟ್‌ಗೆ ಅಂತಲೇ ಇರೋ ಬಣ್ಣ ತಗೊಳ್ಳಿ, ಬೇರೆದು ಬಾಡಿ ಬಾಗಿದಾಗ ಉದುರುತ್ತೆ. ಎಳೆದಾಗ ಮೂಲೆಗಳು ತೆಳುವಾಗಿರುತ್ವೆ. ಬಣ್ಣ ಒಣಗಿದ ಮೇಲೆ ಅಲ್ಲಿಗೆ ಒಳಗಡೆಯಿಂದ ಜಾಲರಿ ಟೇಪ್ ಮತ್ತು ಬಾಗೋ ಥರದ ಗೋಂದು ಹಾಕಿ.

ಕಾಮರ್ಸ್ ಭಾಷೆಯಲ್ಲಿ ಹೇಳಿದ್ರೆ ಅಚ್ಚು ಸ್ಥಿರ ವೆಚ್ಚ, ಹಾಳೆ ಬದಲಾಗೋ ವೆಚ್ಚ. ಮೊದಲ ಬಾಡಿ ದುಬಾರಿ, ಎರಡನೆಯದರಿಂದ ಬೆಲೆ ಇಳಿಯುತ್ತೆ. ನಾಲ್ಕು ಜನ ಸೇರಿ ಒಂದು ಅಚ್ಚು ಮಾಡ್ಕೊಳ್ಳಿ. ಆದ್ರೆ ಬೇರೆಯವರು ಕೆತ್ತಿ ಮಾರೋ ಬಾಡಿಯ ಮೇಲೇ ಅಚ್ಚು ತೆಗೆದು ಮಾರಬೇಡಿ. ಅವರ ತಿಂಗಳುಗಟ್ಟಲೆ ಶ್ರಮವನ್ನ ಒಂದು ಸಂಜೆಯಲ್ಲಿ ಕದ್ದ ಹಾಗೆ.

ಕೊನೆಯ ಮಾತು. ಹಳೇ 800ಗಳು ಒಂದೊಂದಾಗಿ ಗುಜರಿಗೆ ಹೋಗ್ತಿವೆ. ಉದ್ದ, ಅಗಲ ಕಾಗದದಲ್ಲಿ ಉಳಿಯುತ್ತೆ. ಬಾನೆಟ್ ಎಷ್ಟು ಬಾಗಿದೆ, ಗಾಜು ಎಷ್ಟು ವಾಲಿದೆ ಅನ್ನೋದು ಕಾರು ಎದುರಿಗಿದ್ದರೆ ಮಾತ್ರ ಗೊತ್ತಾಗೋದು. ಪಕ್ಕದ ಮನೆಯಲ್ಲಿ ಒಂದು ನಿಂತಿದ್ರೆ, ಮಾಲೀಕರನ್ನ ಕೇಳಿ, ಟೇಪ್ ಹಿಡಿದು ಈ ಭಾನುವಾರವೇ ಅಳೆದು ಬರೆದಿಡಿ. ಅಚ್ಚು ಮುಂದಿನ ವರ್ಷ ಮಾಡಿದ್ರೂ ನಡೆಯುತ್ತೆ.