ಜೈಲಿನಿಂದ ಬಂದವನಿಗೆ ಬಾಗಿಲು ತೆರೆಯಬೇಕೇ?



ಸೇಡಂ ಇರಲಿ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇರಲಿ, ನಮ್ಮ ಊರುಗಳಲ್ಲಿ ಸುದ್ದಿ ಓಣಿ ದಾಟಲು ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಬೇಡ. ಕಲಬುರಗಿ ಜೈಲಿನಿಂದ ಯಾರಾದರೂ ಬಿಡುಗಡೆಯಾಗಿ ಬಂದರಂತೂ ಕೇಳಲೇಬೇಡಿ. "ಅಂವ ಬಂದಾನಂತ್ರೀ, ಹುಡುಗೂರ್ನ ಆ ಕಡಿ ಬಿಡಬ್ಯಾಡ್ರಿ" ಎಂದು ಒಬ್ಬರು. "ನಾಯಿ ಬಾಲ ಎಂದಾರ ನೆಟ್ಟಗಾಗ್ತದೇನ್ರೀ?" ಎಂದು ಇನ್ನೊಬ್ಬರು. ನಾನೂ ಹಾಗೆ ಅಂದವಳೇ. ಆದರೆ ಅವನ ಮನೆಯಲ್ಲಿ ಇಷ್ಟು ವರ್ಷ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದ ಹೆಂಡತಿಯೂ ಇರುತ್ತಾಳಲ್ಲವೇ? ನಮ್ಮ ಮಾತು ಮೊದಲು ಚುಚ್ಚುವುದು ಅವಳನ್ನೇ.

ಅಪರಾಧ ಮಾಡಿದವನು ನಿಜವಾಗಿ ಬದಲಾಗಬಲ್ಲನೇ? ನನ್ನ ಮನಸ್ಸನ್ನು ಕಲಕಿದ ಒಂದು ಘಟನೆಯನ್ನು ಕೇಳಿ.

ಕೇರಳದಿಂದ ಹೋದ ರಾಣಿ ಮರಿಯಾ ಎಂಬ ಕ್ರೈಸ್ತ ಸನ್ಯಾಸಿನಿ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರ ಸೇವೆ ಮಾಡುತ್ತಿದ್ದರು. ಸಾಲದ ಸುಳಿಯಿಂದ ಅವರು ಪಾರಾಗುವಂತೆ ದಾರಿ ತೋರಿಸಿದ್ದು ಊರಿನ ಬಲಾಢ್ಯರಿಗೆ ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಬಸ್ ಪ್ರಯಾಣದಲ್ಲಿದ್ದ ಅವರನ್ನು ಸಮುಂದರ್ ಸಿಂಗ್ ಎಂಬ ಯುವಕ ಚಾಕುವಿನಿಂದ ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಜೈಲಿನಲ್ಲೂ ಅವನ ಎದೆಯಲ್ಲಿ, ತನ್ನನ್ನು ಈ ಕೆಲಸಕ್ಕೆ ಹಚ್ಚಿ ಕೈಬಿಟ್ಟವರ ಮೇಲೆ ಸೇಡು ಕುದಿಯುತ್ತಿತ್ತು.

2002ರಲ್ಲಿ ರಾಖಿ ಹಬ್ಬದ ವೇಳೆಗೆ ಒಬ್ಬ ಹೆಣ್ಣುಮಗಳು ಇಂದೋರ್ ಜೈಲಿಗೆ ಬಂದು ಅವನ ಕೈಗೆ ರಾಖಿ ಕಟ್ಟಿದರು. ಆಕೆ ಬೇರೆ ಯಾರೂ ಅಲ್ಲ, ಸತ್ತವರ ಒಡಹುಟ್ಟಿದ ತಂಗಿ, ಸಿಸ್ಟರ್ ಸೆಲ್ಮಿ! ಹೆತ್ತ ತಾಯಿಯೂ ಮಗಳನ್ನು ಕೊಂದ ಆ ಕೈಗೆ ಮುತ್ತಿಟ್ಟರು. ಅವನ ಬಿಡುಗಡೆಗೂ ಆ ಕುಟುಂಬವೇ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಹೊರಬಂದ ಸಮುಂದರ್ ಬೇಸಾಯಕ್ಕೆ ನಿಂತ, ತಾನು ಕೊಂದವರ ಸಮಾಧಿಗೆ ಹೋಗಿ ತಲೆಬಾಗಿದ. ಸಿಸ್ಟರ್ ರಾಣಿ ಮರಿಯಾ ಅವರಿಗೆ 2017ರ ನವೆಂಬರ್ 4ರಂದು ಇಂದೋರ್‌ನಲ್ಲಿ, ಸಂತ ಪದವಿಗೆ ಹಿಂದಿನ ಮೆಟ್ಟಿಲಾದ ಧನ್ಯ ಪದವಿ ದೊರೆಯಿತು.

ಇಂಥ ಕ್ಷಮೆಯ ಬೇರು ಯೇಸುವಿನ ಕಥೆಯಲ್ಲೇ ಇದೆ. ಶಿಲುಬೆಯ ಮೇಲೆ ಪಕ್ಕದಲ್ಲಿದ್ದ ಅಪರಾಧಿಗೂ ಯೇಸು ಕೊನೆಯ ಗಳಿಗೆಯಲ್ಲಿ ಭರವಸೆ ಕೊಟ್ಟರು. ಸೆರೆಯಲ್ಲಿದ್ದವನನ್ನು ನೋಡಹೋಗುವುದು ತಮ್ಮನ್ನೇ ನೋಡಬಂದಂತೆ ಎಂದೂ ಕಲಿಸಿದರು. ಅದನ್ನೇ ನೆಚ್ಚಿ 1981ರಲ್ಲಿ ಕೊಟ್ಟಾಯಂನ ಗುರುಮಠದ ಇಬ್ಬರು ವಿದ್ಯಾರ್ಥಿಗಳು ಕೈದಿಗಳ ಸೇವೆಗೆ ಕೈಹಾಕಿದರು. ಅದೇ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಸಂಸ್ಥೆಯಾಗಿ ಬೆಳೆದು, ನಮ್ಮ ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡಿತು. ಇದು ಕ್ರೈಸ್ತರಿಗಷ್ಟೇ ಸೇರಿದ ಮಾತು ಎನ್ನಬೇಡಿ. ನಮ್ಮ ಶರಣ ಉರಿಲಿಂಗಪೆದ್ದಿಯೂ ಮೊದಲು ಕಳ್ಳನಾಗಿದ್ದನೆಂದು ಹಿರಿಯರು ಹೇಳುವುದನ್ನು ನಾವು ಕೇಳಿಲ್ಲವೇ?

ಹಾಗಾದರೆ ಕಣ್ಣುಮುಚ್ಚಿ ನಂಬಬೇಕೇ? ಖಂಡಿತ ಬೇಡ. ಬೈಬಲಿನಲ್ಲಿ ಜಕ್ಕಾಯ ಎಂಬ ಸುಂಕದವನ ಕಥೆಯಿದೆ. ಜನರನ್ನು ಸುಲಿದು ಸಿರಿವಂತನಾಗಿದ್ದ ಅವನ ಮನೆಗೆ ಯೇಸು ತಾವಾಗಿ ಹೋದರು. ಅವನು ಬರೀ ಕಣ್ಣೀರು ಹಾಕಿ ಸುಮ್ಮನಾಗಲಿಲ್ಲ. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುವುದಾಗಿಯೂ ಎದ್ದು ನಿಂತು ಹೇಳಿದ. ನಿಜವಾದ ಪಶ್ಚಾತ್ತಾಪದ ಗುರುತು ಅದೇ. "ಕುಡಿದಿದ್ದೆ, ಯಾರೋ ಹಚ್ಚಿದರು" ಎಂದು ನೆಪ ಹೇಳದೆ ತಪ್ಪು ಒಪ್ಪುತ್ತಾನೆಯೇ? ನೊಂದವರಿಗೆ ಆದ ನಷ್ಟ ತುಂಬಲು ಮುಂದಾಗುತ್ತಾನೆಯೇ? ದಿನವೂ ದುಡಿಮೆಗೆ ಹೋಗುತ್ತಾನೆಯೇ? ಇವನ್ನು ನೋಡಿ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೇ ಹೇಳಬೇಕು. ಹೊಡೆದು ಬಡಿದು ಮಾಡಿದ ಗಂಡ "ದೇವರು ನನ್ನ ಬದಲಾಯಿಸ್ಯಾನ" ಎಂದು ಬಂದು ನಿಂತರೆ, ಆ ದಿನವೇ ಒಳಗೆ ಕರೆದುಕೊಳ್ಳಬೇಕೆಂದೇನಿಲ್ಲ. ಕ್ಷಮಿಸುವುದು ಬೇರೆ, ಜೀವವನ್ನು ಅಪಾಯಕ್ಕೆ ಒಡ್ಡುವುದು ಬೇರೆ. ಸಿಸ್ಟರ್ ಸೆಲ್ಮಿ ರಾಖಿ ಕಟ್ಟಿದ ಮೇಲೂ ಸಮುಂದರ್ ನಾಲ್ಕು ವರ್ಷ ಜೈಲಿನಲ್ಲೇ ಇದ್ದ ಎಂಬುದನ್ನು ಮರೆಯಬೇಡಿ. ನೊಂದವರಿಗೆ "ಕ್ಷಮಿಸಿಬಿಡು" ಎಂದು ಹೊರಗಿನವರು ಒತ್ತಾಯ ಮಾಡುವುದೂ ಸಲ್ಲದು.

ಆದರೆ ನಮ್ಮಿಂದ ಆಗುವುದೂ ಬಹಳ ಇದೆ. ಅವನ ಹೆಂಡತಿ ನೀರಿಗೆ ಬಂದಾಗ ಮುಖ ತಿರುಗಿಸದಿರೋಣ. "ನಿಮ್ಮಪ್ಪ ಜೈಲಿಗೆ ಹೋಗಿದ್ದ" ಎಂದು ಅವನ ಮಕ್ಕಳನ್ನು ಹಂಗಿಸಬಾರದೆಂದು ನಮ್ಮ ಮಕ್ಕಳಿಗೆ ಹೇಳಿಕೊಡೋಣ. ಫರಸಿ ಕಲ್ಲಿನ ಗಣಿಯಲ್ಲೋ ಅಂಗಡಿಯಲ್ಲೋ ಒಂದು ಕೆಲಸ ಸಿಗುವಂತಿದ್ದರೆ ಮನೆಯವರ ಕಿವಿಗೆ ಹಾಕೋಣ. ಜೈಲಿನೊಳಗೆ ಪ್ರಾರ್ಥನೆಯಿಂದ ಹುಟ್ಟಿದ ಒಳ್ಳೆಯ ಮನಸ್ಸು, ಹೊರಗೆ ಬಂದಮೇಲೆ ಹೊಟ್ಟೆಗೆ ಅನ್ನ, ದುಡಿಯಲು ಕೆಲಸ, ಆಡಲು ಒಂದು ಮಾತು ಇಲ್ಲದೆ ಎಷ್ಟು ದಿನ ಬಾಳೀತು?

ಈಗ ಯಾರಾದರೂ ನಾಯಿ ಬಾಲದ ಗಾದೆ ಎತ್ತಿದರೆ ನಾನು ಹೂಂಗುಟ್ಟುವುದಿಲ್ಲ. "ಸ್ವಲ್ಪ ದಿನ ನೋಡೋಣ್ರೀ" ಅಂತೀನಿ. ನೀವೂ ಅಷ್ಟು ಅಂದರೆ ಸಾಕು, ಸೋದರಿಯರೇ.